ಮದುವೆ ಪತ್ರಿಕೆಯಲ್ಲಿ ಉಳಿದ ನನ್ನ ಟಿಪ್ಪಣಿ

ಯಾರೂ ಹೇಳದ ಕೆಲಸವನ್ನು ನಾನಾಗಿ ಮಾಡಿದವನಲ್ಲ. ಕಂಪ್ಯೂಟರೂ ನನ್ನಂಥದೇ ಎಂದು ನಂಬಿದ್ದೆ. ಚಿತ್ತವಾಡ್ಗಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಪತ್ರಿಕೆಯ ವಿವರವನ್ನು ಎಕ್ಸ್‌ಎಂಎಲ್ ಕಡತದಲ್ಲಿ ಒಮ್ಮೆ ತುಂಬಿದರೆ, ನಾನೇ ಬರೆದ ಸ್ಟೈಲ್‌ಶೀಟು ಅದನ್ನು ಅಚ್ಚಿಗೂ ಮೊಬೈಲಿಗೂ ಬೇಕಾದಂತೆ ಜೋಡಿಸಿಕೊಡುತ್ತದೆ. ಕಡತದಲ್ಲಿ ಹೆಸರನ್ನು ಗುರುತಿಸಲು ಒಂದು ಟ್ಯಾಗು, ಊರಿಗೊಂದು ಟ್ಯಾಗು, ಒಂದೊಂದೂ ಹೇಗೆ ಕಾಣಬೇಕೆಂದು ಸ್ಟೈಲ್‌ಶೀಟಿನಲ್ಲಿ ಒಂದು ನಿಯಮ. ಇಷ್ಟು ಸಣ್ಣ ಪ್ರೆಸ್ಸಿಗೆ ಇದೆಲ್ಲ ಯಾಕೆಂದು ಹೆಂಡತಿ ಕೇಳಿದ್ದಳು. ಬಂದವರ ಮುಂದೆ ಹೇಳಿಕೊಳ್ಳಲಿಕ್ಕೆ, ಮತ್ತೇನು.

ಕಂಪ್ಲಿಯ ಅಕ್ಕಿ ಗಿರಣಿಯ ಬಸವನಗೌಡರು ಮಗಳ ಮದುವೆ ಪತ್ರಿಕೆಗೆ ಬಂದರು. ಸುಖಾಗಮನ ಬಯಸುವವರ ಪಟ್ಟಿ ಬರೆಸುತ್ತ, ಅಣ್ಣನ ಹೆಸರಿಗೆ ಬಂದಾಗ ದನಿ ತಗ್ಗಿಸಿದರು. “ನಮ್ಮಣ್ಣನ ಹೆಸರು ಮ್ಯಾಲೇ ಇರ್ಲಿರಿ. ಭಾಳ ವರ್ಷದಿಂದ ಮಾತಿಲ್ಲ. ಅಂವ ಬರಂಗಿಲ್ಲ, ಆದ್ರ ಹೆಸರು ಬಿಡೂದು ಬ್ಯಾಡ.” ಹೇಳುವಾಗ ಅವರ ಮುಖ ಸಣ್ಣದಾಗಿತ್ತು. ನನಗೂ ಕೆಡುಕೆನಿಸಿತು. ಜಾಗ ಸಾಲದೆಂದು ನಾನೇ ಆ ಹೆಸರನ್ನು ಕೆಳಗಿಳಿಸಿಬಿಟ್ಟೇನೆಂದು, ಹೆಸರಿಗೂ ಊರಿಗೂ ನಡುವೆ ಟಿಪ್ಪಣಿ ಎಂಬ ಹೊಸ ಟ್ಯಾಗು ಹಾಕಿ, ‘ಬರುವುದಿಲ್ಲ, ಆದರೂ ಹೆಸರು ಮೇಲೇ ಇರಲಿ’ ಎಂದು ನನ್ನ ನೆನಪಿಗೆ ಬರೆದುಕೊಂಡೆ. ಅದಕ್ಕೆ ಸ್ಟೈಲ್‌ಶೀಟಿನಲ್ಲಿ ನಿಯಮ ಬರೆಯಲಿಲ್ಲ. ನಿಯಮವಿಲ್ಲದ್ದು ಅಚ್ಚಾಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಕಂಪ್ಯೂಟರಿನ ರೀತಿಯೇ ಬೇರೆ. ನಿಯಮ ಸಿಗದಿದ್ದರೆ ಅದು ಟ್ಯಾಗನ್ನಷ್ಟೇ ಬಿಟ್ಟು, ಒಳಗಿನ ಅಕ್ಷರಗಳನ್ನು ಇದ್ದ ಹಾಗೇ ಹೊರಗೆ ಹಾಕುತ್ತದೆ. ಕರಡನ್ನು ಗೌಡರೂ ನೋಡಿದರು, ನಾನೂ ನೋಡಿದೆ. ಇಬ್ಬರೂ ಮುಹೂರ್ತವನ್ನಷ್ಟೇ ಓದಿದ್ದೆವು.

ಮೊದಲ ಪತ್ರಿಕೆ ದೇವರ ಮುಂದೆ, ಎರಡನೆಯದು ಮನೆಯ ಹಿರಿಯರ ಕೈಗೆ. ಗೌಡರು ಧೈರ್ಯ ಮಾಡಿ ಅಣ್ಣನ ಮನೆಗೆ ಹೋಗಿ ಕೊಟ್ಟರಂತೆ. ಮರುದಿನ ಪ್ರೆಸ್ಸಿಗೆ ಬಂದು, ಪತ್ರಿಕೆ ಬಿಚ್ಚಿ, ಅಣ್ಣನ ಹೆಸರಿನ ಮೇಲೆ ಬೆರಳಿಟ್ಟರು. ಅದರ ಮುಂದೆಯೇ ನನ್ನ ಟಿಪ್ಪಣಿ ಅಕ್ಷರ ಬಿಡದೆ ಅಚ್ಚಾಗಿತ್ತು.

“ಅಣ್ಣ ಓದಿದ,” ಎಂದರು ಗೌಡರು. “‘ನಾ ಬರಂಗಿಲ್ಲಂತ ಅಚ್ಚ ಹಾಕಿಸೀಯೇನಲೇ? ನಾಕು ದಿನ ಮೊದ್ಲ ಬರ್ತೀನಿ, ಯಾರು ಬ್ಯಾಡಂತಾರ ನೋಡ್ತೀನಿ’ ಅಂದ.” ಹಾಗೆಂದು ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರು.

ನಾನು ತಪ್ಪೊಪ್ಪಿಕೊಂಡೆ. ಎಲ್ಲ ಪತ್ರಿಕೆಗಳನ್ನೂ ಹೊಸದಾಗಿ ಹಾಕಿಕೊಡುತ್ತೇನೆಂದೆ. ಅವರ ಎದುರಿಗೇ ಟಿಪ್ಪಣಿಗೊಂದು ಖಾಲಿ ನಿಯಮ ಬರೆದೆ. ಇನ್ನು ಅದರೊಳಗಿನ ಒಂದಕ್ಷರವೂ ಹೊರಬೀಳುವುದಿಲ್ಲ. ಅಪರೂಪಕ್ಕೆ ಒಂದು ಕೆಲಸ ಸರಿಯಾಗಿ ಮಾಡಿದ ಹೆಮ್ಮೆಯಲ್ಲಿ ಪರದೆಯನ್ನು ಅವರತ್ತ ತಿರುಗಿಸಿದೆ.

ಗೌಡರು ಅದನ್ನು ನೋಡಲೂ ಇಲ್ಲ. “ಅದಿರ್ಲಿರಿ. ಸಂಡೂರಾಗ ನಮ್ಮಕ್ಕನೂ ಬರಂಗಿಲ್ಲಂತ ಕುಂತಾಳ. ಹೊಸದ್ರಾಗ ಆಕಿ ಹೆಸರಿನ ಮುಂದನೂ ಹಂಗ ಬರೂಹಂಗ ಮಾಡ್ರಿ.”