ಸೋಮಯ್ಯ ಕೊಳ್ಳದೆ ಮಾರಿದ ಬೇಣ

ಕೊಳ್ಳದೆಯೇ ಮಾರಬಹುದಾದ ವಸ್ತುವೊಂದು ಲೋಕದಲ್ಲಿದೆ ಎಂಬುದು ಬಾಡ ಊರಿನ ಸೋಮಯ್ಯನಿಗೆ ಗೊತ್ತಾದದ್ದು ಕುಮಟೆಯ ಕ್ಷೌರದಂಗಡಿಯಲ್ಲಿ, ಅರ್ಧ ಗಡ್ಡ ಇಳಿದು ಅರ್ಧ ಉಳಿದಿದ್ದಾಗ. ಆಣೆ ಹೋಗಿ ನಯಾಪೈಸೆ ಬಂದು ಎರಡು ಮೂರು ವರ್ಷವಾಗಿತ್ತಷ್ಟೆ. ಪಕ್ಕದ ಕುರ್ಚಿಯಲ್ಲಿ ಮುಂಬಯಿಯಿಂದ ಊರಿಗೆ ಬಂದವನೊಬ್ಬ ಕುಳಿತಿದ್ದ.

"ನೆಲ ಮಾರುಕೆ ನೆಲ ಬೇಕು ಅಂದವ ಯಾರು? ಮಾರುವವನಿಗೆ ಚೂರು ಮುಂಗಡ ಕೊಟ್ಟು ಕರಾರು ಬರೆಸ್ಕ. 'ನಾನಾಗ್ಲಿ, ನಾ ತೋರಿಸಿದ ಮನ್ಷನಾಗ್ಲಿ ಇಂತಾ ದಿನದೊಳಗೆ ಪೂರ್ತಿ ದುಡ್ಡು ಕೊಡ್ತೆ' ಅಂತ. ಆಮೇಲೆ ಹೆಚ್ಚಿಗೆ ಕೊಡುವವನನ್ನ ಹುಡುಕಿ ಕಾಗದ ಅವನ ಕೈಲಿಟ್ಟು, ಮಧ್ಯದ್ದು ನೀ ಇಟ್ಕ. ಒಂದೇ ಮಾತು ನೆನಪಿಟ್ಕ. ಮಾರುವವ, ಕೊಳ್ಳುವವ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಬೇಡ."

ಉಪ್ಪಿನ ಆಗರದಲ್ಲಿ ಕೂಲಿಯವರ ಹಾಜರಿ ಬರೆಯುವ ಸೋಮಯ್ಯನಿಗೆ ಆ ಮಾತು ಗುರೂಪದೇಶದಂತೆ ಕೇಳಿಸಿತು. ಅದೇ ವಾರ ಊರಿನ ದೇವಪ್ಪನ ಬೇಣಕ್ಕೆ ಕರಾರು ಬರೆಸಿದ. ಬೇಣವೆಂದರೆ ಕಲ್ಲು, ಕುರುಚಲು, ನಾಲ್ಕು ದನಕ್ಕೆ ಸಾಲುವಷ್ಟು ಹುಲ್ಲು. ಇಷ್ಟು ಬಿಟ್ಟರೆ ಏನೂ ಇಲ್ಲದ ಗುಡ್ಡದ ಬದಿ. ಬೆಲೆ ಏಳುನೂರು ರೂಪಾಯಿ, ಮುಂಗಡ ನೂರು, ವಾಯಿದೆ ಮೂರು ತಿಂಗಳು. ಕಡೆಯ ದಿನದ ಸೂರ್ಯ ಮುಳುಗಿದರೆ ಕರಾರೂ ಮುಳುಗಿತು, ಮುಂಗಡವೂ ಮುಳುಗಿತು.

ಮುಂಗಡ ಎಲ್ಲಿಂದ ಬಂತು ಎಂಬುದು ಸೋಮಯ್ಯ ಮತ್ತು ದೇವರಿಗೆ ಮಾತ್ರ ಗೊತ್ತಿತ್ತು. ಹೆಂಡತಿ ಸುಕ್ರಿ ಮದುವೆಯಲ್ಲಿ ತವರಿನಿಂದ ಹೊಡೆದುಕೊಂಡು ಬಂದ ಎಮ್ಮೆಯ ಮಗಳು ಬಂಗಾರಿ. ಅದನ್ನು ಹೊನ್ನಾವರದ ಬೀರನಿಗೆ ನೂರು ರೂಪಾಯಿಗೆ ಮಾರಿದ್ದ. ನಾಲ್ಕು ತಿಂಗಳೊಳಗೆ ನೂರಾ ಹತ್ತು ಕೊಟ್ಟರೆ ಎಮ್ಮೆ ವಾಪಸ್ಸು ಎಂದು ಬೀರ ಒಪ್ಪಿದ್ದ. ಸುಕ್ರಿಗೆ ಮಾತ್ರ, "ನಿನ್ನ ತಮ್ಮ ಮಂಜನ ಮನೆ ಹತ್ರ ಒಳ್ಳೆ ಕೋಣ ಅದೆಯಂತೆ. ಗಬ್ಬ ಕಟ್ಟಿಸ್ಕಂಡು ಬರ್ಲಿ ಅಂತ ಕಳ್ಸಿದೆ" ಎಂದು ಹೇಳಿದ್ದ.

ವಾಯಿದೆಯ ಕಡೆಯ ದಿನ ಶುಕ್ರವಾರ. ಅವತ್ತು ಬೆಳಗ್ಗೆ ಹೊನ್ನಾವರದಿಂದ ಮಂಜನೇ ಬಂದಿಳಿದ.

ಸೋಮಯ್ಯ ಅವನನ್ನು ಬೇಲಿಯ ದಣಪೆಯಲ್ಲೇ ತಡೆದು, ಬಾಳೆಯ ಹಿಂಡಿನ ಮರೆಗೆ ಎಳೆದು ಎಲ್ಲ ಹೇಳಿದ. "ಇವತ್ತು ಸಂಜೆ ಒಳಗೆ ಕುಮಟೆ ಸಾವ್ಕಾರ್ರು ಬೇಣಕ್ಕೆ ಸಾವಿರ ಕೊಡ್ತ್ರು ಮಾರಾಯ. ಸಂಜೆಗೆ ಎಮ್ಮೆ ಮನಿಗೆ. ಅಲ್ಲಿವರೆಗೆ ನಿನ್ನಕ್ಕ ಕೇಳಿದ್ರೆ ಎಮ್ಮೆ ಚೆಂದಾಗದೆ ಅನ್ನು. ಅಷ್ಟೇ ಅನ್ನು."

"ಎಂತಕೆ ಹೆದರ್ತ್ರಿ ಭಾವ? ನಾ ನೋಡ್ಕಳ್ತೆ."

ಮಂಜನ ಒಂದೇ ದೋಷವೆಂದರೆ ಸಹಾಯ ಮಾಡುವಾಗ ಕೈ ಬಿಗಿ ಹಿಡಿಯಲಾರ. ಚಾ ಕುಡಿಯುತ್ತ ಎಮ್ಮೆ ಚೆನ್ನಾಗಿದೆ ಎಂದ. ದಪ್ಪಗಾಗಿದೆ ಎಂದ. ಅಕ್ಕನ ಮುಖ ಅರಳಿದ್ದು ಕಂಡು ತಡೆಯಲಾಗದೆ, "ಕರೂ ಹಾಕದೆ" ಎಂದುಬಿಟ್ಟ.

ಸುಕ್ರಿ ಒಲೆಯ ಮುಂದಿನಿಂದ ತಿರುಗಿದಳು. "ಗಬ್ಬ ಕಟ್ಟಿಸುಕೆ ಹೋಗಿ ಮೂರೇ ತಿಂಗಳಾತು. ಕರುವಾ?"

"ಹೊನ್ನಾವರದ ನೀರೇ ಹಂಗೆ ಅಕ್ಕ."

ಸೋಮಯ್ಯ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಕುಮಟೆಗೆ ಓಡಿದ. ಈಗ ಎಮ್ಮೆಯ ಜೊತೆ ಒಂದು ಕರುವನ್ನೂ ಹೊಂದಿಸಬೇಕಾಗಿತ್ತು.

ಕೊಳ್ಳುವವರು ಕುಮಟೆಯ ಅಕ್ಕಿ ಸಾಹುಕಾರ ಮಹಾಗಣಪತಿಯವರು. ಬೇಣದ ಬದಿಯಲ್ಲಿ ಹೊಸ ರಸ್ತೆ ಬರುತ್ತದೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಅಲ್ಲಿ ಅಕ್ಕಿ ಗಿರಣಿ ಹಾಕುವ ಆಸೆ. ಸಾವಿರ ರೂಪಾಯಿಗೆ ಒಪ್ಪಿದ್ದರು. ಆದರೆ ದೇವಿಯ ಪ್ರಸಾದ ಕೇಳದೆ ಅವರು ಎಡದ ಕಾಲನ್ನು ಬಲದ ಕಾಲಿನ ಮುಂದಿಡುವವರಲ್ಲ. ಹಿಂದೊಮ್ಮೆ ಹುಳುಕು ಹಲ್ಲು ಕೀಳಿಸಲೋ ಬೇಡವೋ ಎಂದು ಪ್ರಸಾದ ಕೇಳುತ್ತ ಕುಳಿತಿದ್ದರಂತೆ. ಅಪ್ಪಣೆ ಆಗುವಷ್ಟರಲ್ಲಿ ಹಲ್ಲು ತಾನಾಗಿ ಉದುರಿತ್ತು.

"ಈಗ ರಾಹುಕಾಲ," ಎಂದು ಅವರು ಗಾದಿಯ ಮೇಲೆ ಕಣ್ಣು ಮುಚ್ಚಿದರು. "ಊಟ ಆದ ಮೇಲೆ ನಿಮ್ಮೂರ ಅಮ್ಮನ ಗುಡಿಗೇ ಬತ್ತೆ. ಆ ನೆಲದ ಮಾತನ್ನ ಆ ನೆಲದ ಅಮ್ಮನ ಹತ್ರವೇ ಕೇಳಬೇಕು."

ಊಟವಾಯಿತು, ನಿದ್ದೆಯಾಯಿತು, ಎಲೆಯಡಿಕೆಯಾಯಿತು. ಗಾಡಿ ಬಾಡ ಮುಟ್ಟುವಾಗ ಹೊತ್ತು ಸಮುದ್ರದ ಕಡೆಗೆ ವಾಲಿತ್ತು.

ಅಮ್ಮನ ಗುಡಿಯಲ್ಲಿ ಪೂಜೆ ಮಾಡುವವನು ದಾಸ ಗುನಗ. ಪ್ರಸಾದ ಕೇಳುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ: ಅಮ್ಮನ ಶಿಲೆಯ ಎರಡು ಭುಜಕ್ಕೂ ಒದ್ದೆ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳು ಅಂಟಿಸುತ್ತಾರೆ, ಬಲಭುಜದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಕೇಳುವವನು ಮನಸ್ಸಿನಲ್ಲೇ ಕೇಳಬೇಕು. ಹರಕೆಯನ್ನು ಮಾತ್ರ ಗುನಗ ಗಟ್ಟಿಯಾಗಿ ಕೂಗಿ ಒಪ್ಪಿಸಬೇಕು.

"ನೆಲದ ಮಾತಾ?" ಎಂದ ಗುನಗ. "ಹಂಗಾರೆ ಆ ನೆಲದ ಒಂದು ಮುಷ್ಟಿ ಮಣ್ಣು ಬೇಕು. ಒಡೆಯ ಸ್ವಂತ ಕೈಯಿಂದ ತಂದಿಡಬೇಕು."

ಸೋಮಯ್ಯ ಅಡ್ಡ ಬಂದ. "ನಾನೇ ತತ್ತೆ. ಒಡೆಯನಿಗೆ ಎಂತಕೆ ತ್ರಾಸು?"

"ನೀ ಒಡೆಯನಾ?"

ಅಷ್ಟರಲ್ಲಿ ಸೋಮಯ್ಯನ ಪಕ್ಕದ ಮನೆಯ ಗಂಗಿ, ಯಾರೂ ಕೇಳದ ಉಪಕಾರ ಮಾಡುವುದಕ್ಕೇ ಹುಟ್ಟಿದವಳು, ದೇವಪ್ಪನನ್ನು ಮಣ್ಣಿನ ಸಮೇತ ಕರೆದುಕೊಂಡೇ ಬಂದಳು. ದೇವಪ್ಪ ಮಣ್ಣನ್ನು ಅಮ್ಮನ ಮುಂದಿಟ್ಟು, ಕೈ ಒರೆಸಿಕೊಂಡು, ಗುಡಿಯ ಮುಂದಿದ್ದ ಏಕೈಕ ಕಲ್ಲುಬೆಂಚಿನ ಮೇಲೆ ಸಾಹುಕಾರರ ಪಕ್ಕದಲ್ಲಿ ಕುಳಿತ. ಸೋಮಯ್ಯ ನಡುವೆ ತೂರಿ ಕೂರಲು ನೋಡಿದ. ಜಾಗ ಒಂದು ಬೆಕ್ಕಿಗೆ ಸಾಲುವಷ್ಟಿತ್ತು.

ಎಸಳು ಅಂಟಿಸಿದರು. ಸಾಹುಕಾರರು ಕಣ್ಣು ಮುಚ್ಚಿದರು. ಎಸಳುಗಳೂ ಕಣ್ಣು ಮುಚ್ಚಿದಂತೆ ಕದಲದೆ ಉಳಿದವು. ಅರ್ಧ ಗಂಟೆ ಹೋಯಿತು. ಊರಿನವರು ಒಬ್ಬೊಬ್ಬರಾಗಿ ಬಂದು ನಿಂತರು. ಅಮ್ಮನಿಗೆ ಅವಸರವಿಲ್ಲ, ಅವಸರ ಯಾವಾಗಲೂ ಮನುಷ್ಯನದು.

ಬೇಸರ ತಾಳದ ಗಂಗಿ ಕೇಳಿದಳು. "ಸಾವ್ಕಾರ್ರೇ, ಆ ಕಲ್ಲುಬೇಣಕ್ಕೆ ಎಷ್ಟು ಕೊಡ್ತ್ರಿ?"

"ಸಾವಿರ," ಎಂದರು ಸಾಹುಕಾರರು ಕಣ್ಣು ತೆರೆಯದೆ.

ದೇವಪ್ಪ ಬೆಂಚಿನಿಂದ ಎದ್ದೇಬಿಟ್ಟ. "ಸಾವಿರವಾ! ನನ್ ಹತ್ರ ಏಳ್ನೂರು ಅಂತ ಬರೆಸ್ಕಂಡಾನಲ್ಲ ಈ ಬಡ್ಡೀಮಗ!"

ಈಗ ಸಾಹುಕಾರರ ಕಣ್ಣು ತೆರೆಯಿತು. "ಏಳ್ನೂರಾ?"

ಸೋಮಯ್ಯನಿಗೆ ಕ್ಷೌರದಂಗಡಿಯಲ್ಲಿ ಕತ್ತಿ ಕಿವಿಯ ಹತ್ತಿರ ಬಂದ ಹಾಗಾಯಿತು. "ಅದು... ಮಧ್ಯದ ಖರ್ಚು ಸಾವ್ಕಾರ್ರೇ. ಕಾಗದ, ಓಡಾಟ, ಗಾಡಿ..."

"ಗಾಡಿ ಬಾಡಿಗೆ ನಾ ಕೊಟ್ಟದ್ದಲ?"

ದೇವಪ್ಪ ಕರಾರಿನ ಕಾಗದ ತೋರಿಸೆಂದ. ಸೋಮಯ್ಯ ತೋರಿಸಿದ. ಸಾಹುಕಾರರು ಕನ್ನಡಕ ಏರಿಸಿ ಮೊದಲಿನಿಂದ ಕೊನೆಯವರೆಗೆ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಬಹಳ ಹೊತ್ತು ಸಮುದ್ರವನ್ನು ನೋಡಿದರು.

"ಇರ್ಲಿ," ಎಂದರು ಶಾಂತವಾಗಿ. "ಬುದ್ಧಿ ಇದ್ದವ ದುಡೀತ. ಅಮ್ಮ ಮಾತಾಡಲಿಲ್ಲ ಅಂದ್ರೆ ನಾ ಕೇಳಿದ್ದು ಸರಿ ಇಲ್ಲ. ಗುನಗ, ಹೊಸ ಎಸಳು ಇಡು. ಮತ್ತೊಂದು ಸಲ ಕೇಳ್ತೆ."

ಸೋಮಯ್ಯನಿಗೆ ಹೋದ ಜೀವ ಬಂತು. ಸಾಹುಕಾರರ ದೊಡ್ಡ ಮನಸ್ಸಿಗೆ ಕಣ್ಣಲ್ಲಿ ನೀರೇ ತುಂಬಿತು. ಗುನಗನ ಕಿವಿಯಲ್ಲಿ ಏನೋ ಹೇಳಿದ. ಗುನಗ ಕೂಗಿದ: "ಅಮ್ಮಾ, ಎಸಳು ಬಲಕ್ಕೆ ಬಿದ್ರೆ ಸೋಮಯ್ಯ ಇಪ್ಪತ್ತೈದು ಕಾಯಿ ಒಡೆಸ್ತ!"

ದೇವಪ್ಪ ಬಿಡುವವನೇ? ಕರಾರು ಮುರಿದರೆ ಬೇಣವೂ ಅವನದೇ, ಮುಂಗಡವೂ ಅವನದೇ. "ಎಡಕ್ಕೆ ಬಿದ್ರೆ ನಂದು ಐವತ್ತು!"

"ಬಲಕ್ಕೆ ಎಪ್ಪತ್ತೈದು!" ಎಂದ ಸೋಮಯ್ಯ.

"ಎಡಕ್ಕೆ ನೂರು!"

ಗುನಗ ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ಕೂಗಿದ. ಗುಡಿ ಎಂಬುದು ಮೀನಿನ ಲಿಲಾವಿನ ಕಟ್ಟೆಯಂತಾಯಿತು.

ಅದೇ ಹೊತ್ತಿಗೆ ಸುಕ್ರಿ ಬಂದಳು. ಹಿಂದೆ ಮಂಜ, ಮುಖ ನೆಲಕ್ಕೆ. ಮೂರು ತಿಂಗಳ ಕರುವನ್ನು ದಿನವಿಡೀ ಅಳೆದು ಸುರಿದು, ಅವಳು ತಮ್ಮನ ಕಿವಿ ಹಿಂಡಿ ಅರ್ಧ ಸತ್ಯ ಹೊರಡಿಸಿದ್ದಳು. "ಹೋಯ್, ಎಮ್ಮೆ ಎಲ್ಲದೆ?"

"ಸುಮ್ನಿರೇ, ಅಮ್ಮನ ಮುಂದೆ! ಈಗ ಬತ್ತದೆ. ಗುನಗ, ಬಲಕ್ಕೆ ನೂರೈವತ್ತು!"

ದೇವಪ್ಪ ಬಾಯಿ ತೆರೆದ. ಅಷ್ಟರಲ್ಲಿ, ಗಾಳಿಯೇ ಇಲ್ಲದ ಆ ಗಳಿಗೆಯಲ್ಲಿ, ಬಲಭುಜದ ಎಸಳು ಮೆಲ್ಲಗೆ ಕಳಚಿ ಅಮ್ಮನ ಪಾದದ ಮೇಲೆ ಬಿತ್ತು.

"ಬಲಪ್ರಸಾದ ಆತು!" ಗುನಗ ಜಾಗಟೆ ಬಾರಿಸಿದ.

ದೇವಪ್ಪ ಹಣೆ ಚಚ್ಚಿಕೊಂಡ. ಸೋಮಯ್ಯ ಅಮ್ಮನಿಗೆ ಉದ್ದಂಡ ನಮಸ್ಕಾರ ಹಾಕಿದ, ಗುನಗನಿಗೆ ಹಾಕಿದ, ಗಂಗಿಗೂ ಹಾಕಲು ಹೋಗಿ ಸಾವರಿಸಿಕೊಂಡ. ಸಂತೋಷ ಉಕ್ಕಿದಾಗ ಸತ್ಯವೂ ಉಕ್ಕುತ್ತದೆ. "ಸುಕ್ರಿ, ಇನ್ನು ಮುಚ್ಚಿಡುದು ಎಂತಕೆ? ಬಂಗಾರಿಯನ್ನ ಬೀರನಿಗೆ ಮಾರಿದ್ದೆ. ನಾಳೆ ಬೆಳಗ್ಗೆ ನೂರಾ ಹತ್ತು ಬಿಸಾಕಿ ಹೊಡ್ಕಂಡು ಬತ್ತೆ. ಜೊತೆಗೊಂದು ಕರೂ ತಕಂಡು ಬತ್ತೆ. ನಿನ್ನ ತಮ್ಮನ ಮಾತೂ ಉಳೀಲಿ!"

ಸುಕ್ರಿ ತಮ್ಮನ ಕಡೆ ತಿರುಗಿದಳು. ಮಂಜ ಗುನಗನ ಬೆನ್ನ ಹಿಂದೆ ಸರಿದ.

ಸೋಮಯ್ಯ ಬೆಂಚಿನತ್ತ ತಿರುಗಿದ. "ಸಾವ್ಕಾರ್ರೇ, ದುಡ್ಡು ಎಣಿಸುವ. ಹೊತ್ತು ಮುಳುಗುಕಾತು."

ಮಹಾಗಣಪತಿಯವರು ಬೆಂಚಿನಿಂದ ಏಳಲಿಲ್ಲ. ಡಬ್ಬಿ ತೆರೆದು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದರು. "ಮುಳುಗ್ಲಿ."

"ಮುಳುಗಿದ್ರೆ ಕರಾರು ಹೋತದಲ!"

"ಹೌದು. ಕೊನೇ ಸಾಲಲ್ಲಿ ಹಂಗೇ ಬರೆದದೆ."

"ಅಮ್ಮ ಬಲಕ್ಕೆ ಕೊಟ್ಟಳಲ? ನೀವು ಕೇಳಿದ್ದು..."

"ಮೊದಲ್ನೇ ಸಲ, ಬೇಣ ತಕಳ್ಳಲಾ ಅಂತ ಕೇಳಿದೆ. ಅಮ್ಮ ಮಾತಾಡಲಿಲ್ಲ," ಎಂದು ಸಾಹುಕಾರರು ಎಲೆ ಮಡಚಿದರು. "ಎರಡನೇ ಸಲ, 'ತಾಯೀ, ಹೊತ್ತು ಮುಳುಗುವ ತನಕ ಕಾದು, ದೇವಪ್ಪನ ಹತ್ರವೇ ಸೀದಾ ತಕಳ್ಳಲಾ?' ಅಂತ ಕೇಳಿದೆ. ಕೂಡ್ಲೇ ಕೊಟ್ಟಳು. ನಾ ಎಂತ ಮಾಡುದು ಮಾರಾಯ? ಅಮ್ಮನ ಮಾತು ಮೀರುಕಾತದ?"

ದೇವಪ್ಪ ಹಣೆಯಿಂದ ಕೈ ತೆಗೆದ. "ಸೀದಾ ಅಂದ್ರೆ ಎಷ್ಟು ಸಾವ್ಕಾರ್ರೇ?"

"ಎಂಟ್ನೂರ ಐವತ್ತು."

"ಆತು," ಎಂದ ದೇವಪ್ಪ, ಉಸಿರು ಬಿಡುವುದಕ್ಕೂ ಮೊದಲು.

ಸೋಮಯ್ಯ ಹುಚ್ಚನಂತೆ ಗುಂಪಿನಲ್ಲಿ ಸುತ್ತಿದ. "ಯಾರಾದ್ರೂ ತಕಳಿ! ಏಳ್ನೂರೈವತ್ತು! ಏಳ್ನೂರು! ಗಂಗಕ್ಕಾ, ನೀ?"

"ನನ್ ಹತ್ರ ಏಳು ನಯಾಪೈಸೆ ಅದೆ. ಬೇಕಾ?"

ಸಮುದ್ರದ ಅಂಚಿನಲ್ಲಿ ಸೂರ್ಯ ಕುಂಕುಮದ ಬೊಟ್ಟಿನಷ್ಟಾಗಿ, ಆಮೇಲೆ ಅದೂ ಇಲ್ಲವಾಯಿತು. ಗುನಗ ದೀಪ ಹಚ್ಚಿದ. ಇದ್ದವರೆಲ್ಲ ಕೈ ಮುಗಿದರು. ಅಭ್ಯಾಸಬಲದಿಂದ ಸೋಮಯ್ಯನೂ ಮುಗಿದ.

ದೇವಪ್ಪ ಗುನಗನ ಹತ್ತಿರ ಸರಿದ. "ನಾನು ಎಡಕ್ಕೆ ಬಿದ್ರೆ ನೂರು ಕಾಯಿ ಅಂದದ್ದು. ಬಿದ್ದದ್ದು ಬಲಕ್ಕೆ. ಹಂಗಾರೆ ನನ್ನ ಹರಕೆ..."

"ನಿಂದೆಂತದೂ ಇಲ್ಲ. ಆರಾಮಾಗಿ ಹೋಗು."

ಸೋಮಯ್ಯ ತಲೆಯೆತ್ತಿದ. "ಮತ್ತೆ ನಂದು?"

ಗುನಗ ದೀಪದ ಬತ್ತಿ ಸರಿಮಾಡುತ್ತ ನಿಂತ. ಸುಕ್ರಿ ಮುಂದೆ ಬಂದಳು.

"ನೀವು ಅಮ್ಮನ ಹತ್ರ ಎಂತ ಕೇಳ್ಕಂಡ್ರಿ?"

"ಎಸಳು ಬಲಕ್ಕೆ ಬೀಳ್ಲಿ ಅಂತ."

"ಬಿತ್ತಲ?"

"ಬಿತ್ತು."

"ಹಂಗಾರೆ ನಡೀರಿ," ಎಂದು ಅವಳು ಸೆರಗು ಬಿಗಿದಳು. "ಎಮ್ಮೆ ಲೆಕ್ಕ ಮನೆಗೆ ಹೋಗಿ ಮಾತಾಡುವ. ಮೊದ್ಲು ನೂರೈವತ್ತು ಕಾಯಿಗೆ ಹೇಳಿ ಬರುವ. ಅಮ್ಮನ ಬಾಕಿ ಇಟ್ಕಂಡು ನಾ ಮಲಗೂದಿಲ್ಲ."