ಎಂಬತ್ತು ಪರ್ಸೆಂಟ್ ತೇವ

ಬೆಳಿಗ್ಗೆ ಎಂಟಕ್ಕೆ ಕರೆಂಟ್ ಹೋಯಿತು. ಮಧುಗಿರಿಯಲ್ಲಿ ಅದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗುಮಾಸ್ತ ಲಕ್ಷ್ಮೀಪತಿ ಮಾತ್ರ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡೇ ಮಹಡಿಗೆ ಓಡಿದ. ಅಲ್ಲಿನ ಕೋಣೆಯಲ್ಲಿ, ಐದು ತಟ್ಟೆಗಳಲ್ಲಿ, ಕಾಶ್ಮೀರದಿಂದ ತರಿಸಿದ ಅವನ ಕೇಸರಿ ಗಡ್ಡೆಗಳು ಮೊಳಕೆಯೊಡೆದು ನಿಂತಿದ್ದವು. ಗಾಳಿಯಲ್ಲಿ ಎಂಬತ್ತು ಪರ್ಸೆಂಟ್ ತೇವ ಇಲ್ಲದಿದ್ದರೆ ಹೊಸ ಅಳಿಯನಂತೆ ಮುನಿಸಿಕೊಳ್ಳುವ ಬೆಳೆ. ಮಂಜು ಬಿಡುವ ಮಿಷನ್ ನಿಂತುಹೋಗಿತ್ತು. ಗೋಡೆಯ ಮೇಲಿನ ತೇವದ ಮೀಟರು ಅರವತ್ತಕ್ಕೆ ಇಳಿದಿತ್ತು.

ಕೇಸರಿ ಬೆಳೆಸುವುದನ್ನು ಕಲಿಸುವ ಸಂಜೀವಯ್ಯನವರು ತುಮಕೂರಿನಿಂದ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ಹೆಂಡತಿ ಯಶೋಧರಾ ಟೀಚರ್ ಹಿಂದಿನ ದಿನವೇ ತೀರ್ಪು ಕೊಟ್ಟಾಗಿತ್ತು. "ಅವರು ಬಾಯ್ಬಿಟ್ಟು ಬೆಳೆ ಚೆನ್ನಾಗಿದೆ ಅಂದ್ರೆ ರೂಮು ನಿಮ್ದು. ಇಲ್ಲಾಂದ್ರೆ ಸೋಮವಾರದಿಂದ ನನ್ನ ಟ್ಯೂಷನ್ ಮಕ್ಳದು."

ಹನ್ನೆರಡು ವರ್ಷ ಕಡತಗಳ ಧೂಳು ಕುಡಿದವನಿಗೆ ತನ್ನದು ಅಂತ ಇದ್ದದ್ದು ಆ ಕೋಣೆಯೊಂದೇ. ಅದನ್ನು ಕಳೆದುಕೊಳ್ಳುವ ಭಯಕ್ಕೆ ಆಫೀಸಿಗೆ ರಜೆ ಹಾಕಿ, ಕೊಡಪಾನದಲ್ಲಿ ನೀರು ಹೊತ್ತ. ಹದಿನಾಲ್ಕು ಕೊಡ ಸುರಿದರೂ ಮೀಟರು ಐವತ್ತಕ್ಕೆ ಇಳಿಯಿತು. ಎದುರಿನ ಬೆಟ್ಟದ ಬಂಡೆ ಕಾದು, ಇದ್ದ ತೇವವನ್ನೆಲ್ಲ ಹೀರುತ್ತಿತ್ತು.

"ನೆಲಕ್ಕೆ ಸುರಿದ್ರೆ ಏನ್ ಬಂತಯ್ಯ? ಒದ್ದೆ ಬಟ್ಟೆ ನೇತು ಹಾಕು," ಎಂದರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಿದ್ದಗಂಗಯ್ಯ. ಹೇಳಿದ್ದಲ್ಲದೆ ತಮ್ಮ ಪಂಚೆಯನ್ನೇ ಅದ್ದಿ ಕೊಟ್ಟರು.

ಎದುರುಮನೆಯ ಜುಂಜಮ್ಮ ಬಿಟ್ಟಾಳೆಯೇ? ಲಕ್ಷ್ಮೀಪತಿ ಆಫೀಸಿಗೆ ಹೋದಾಗ ಬೀಗದ ಕೈ ಇಟ್ಟುಕೊಂಡು ಮಿಷನ್ನಿಗೆ ನೀರು ತುಂಬುವವಳು ಅವಳೇ. "ನಮ್ಮಣ್ಣುಂಗೆ ಒದ್ದೆ ಬಟ್ಟೆ ಬೇಕಂತೆ, ತಗಂಬರ್‍ರಮ್ಮೋ!" ಎಂದು ಬೀದಿಗೆಲ್ಲ ಸಾರಿ, ನೆನೆಸಿದ ಕಂಬಳಿ ಹೊತ್ತು ತಂದಳು. ಹಿಂದೆಯೇ ಸೀರೆ, ಯೂನಿಫಾರ್ಮು, ಜಮಖಾನ, ವಾರದಿಂದ ಒಗೆಯದೆ ಇಟ್ಟಿದ್ದೆಲ್ಲ ಬಂತು.

ಒಂದು ಗಂಟೆಗೆ ಮೀಟರು ತೊಂಬತ್ತೆಂಟು. ಗೋಡೆ ಬೆವರುತ್ತಿತ್ತು.

"ಜಾಸ್ತಿ ಆದ್ರೆ ಕೊಳೆಯುತ್ತೆ ಕಣಯ್ಯ," ಎಂದರು ಮೇಷ್ಟ್ರು, ಒದ್ದೆ ಬಟ್ಟೆಯ ಸಲಹೆ ಬೇರೆ ಯಾರೋ ಕೊಟ್ಟಿದ್ದರೆಂಬಂತೆ.

ಲಕ್ಷ್ಮೀಪತಿಗೆ ಅಳು ಬಂತು. ಅಳುವುದಕ್ಕೂ ಹೆದರಿದ, ಅದೂ ತೇವವೇ. ಒಂದೊಂದೇ ಸೀರೆ ಇಳಿಸುತ್ತ, ಕಿಟಕಿ ತೆರೆಯುತ್ತ, ಮುಚ್ಚುತ್ತ, ಎರಡೂ ಮುಕ್ಕಾಲಿಗೆ ಮೀಟರನ್ನು ಸರಿಯಾಗಿ ಎಂಬತ್ತಕ್ಕೆ ತಂದು ನಿಲ್ಲಿಸಿದ. ಅಷ್ಟರಲ್ಲಿ ಮೇಷ್ಟ್ರು ಮತ್ತೆ ಬಂದರು.

"ಪಂಚೆ ಕೊಡಪ್ಪ, ಆರತಕ್ಷತೆಗೆ ಹೋಗ್ಬೇಕು."

"ನಿಮ್ಮ ಪಂಚೆ ಮೂರು ಪರ್ಸೆಂಟ್ ಮೇಷ್ಟ್ರೇ. ಪ್ರಾಣ ಬೇಕಾದ್ರೆ ಕೇಳಿ, ಪಂಚೆ ಮಾತ್ರ ಕೇಳ್ಬೇಡಿ," ಎಂದು ಲಕ್ಷ್ಮೀಪತಿ ಬಾಗಿಲಿಗೆ ಅಡ್ಡ ನಿಂತ.

ಮೂರಕ್ಕೆ ಸಂಜೀವಯ್ಯ ಬಂದರು. ಸೀರೆ, ಕಂಬಳಿಗಳ ನಡುವೆ ಬಗ್ಗಿ ನುಸುಳಿ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಮೊಳಕೆ ಮುಟ್ಟಿದರು, ಮೂಸಿದರು. ಬೀದಿಯ ಅರ್ಧ ಜನ ಉಸಿರು ಬಿಗಿಹಿಡಿದು ಮೆಟ್ಟಿಲ ಮೇಲಿದ್ದರು.

"ಬೆಳೆಯೇನೋ ಚೆನ್ನಾಗಿದೆ," ಎಂದರು.

ಲಕ್ಷ್ಮೀಪತಿ ಸ್ಕೂಲಿನಿಂದ ಬಂದು ನಿಂತಿದ್ದ ಯಶೋಧರಾಳತ್ತ ತಿರುಗಿದ. ಮದುವೆಯಾದ ಮೇಲೆ ಅವನು ಹಾಗೆ ತಲೆಯೆತ್ತಿ ನೋಡಿದ್ದು ಅದೇ ಮೊದಲು.

"ಆದ್ರೆ ಸ್ವಾಮಿ, ಈರುಳ್ಳಿಗೆ ಯಾಕೆ ಇಷ್ಟೊಂದು ತೇವ?" ಎಂದರು ಸಂಜೀವಯ್ಯ.

"ಈರುಳ್ಳಿನಾ?" ಲಕ್ಷ್ಮೀಪತಿ ತಟ್ಟೆಯ ಮೇಲೆ ಬಗ್ಗಿದ. "ಸಾರ್, ಅದು ಕೇಸರಿ…"

"ಊಂ, ಈರುಳ್ಳಿನೇಯ," ಜುಂಜಮ್ಮ ಬಾಗಿಲಿನಿಂದಲೇ ಹೆಮ್ಮೆಯಿಂದ ಹೇಳಿದಳು. "ನಮ್ ಮಗ್ಳು ಪವಿತ್ರನ್ ನಿಶ್ಚಿತಾರ್ತುದ್ ದಿನ ಐ.ಡಿ.ಹಳ್ಳಿಯಿಂದ ಎಲ್ಡು ವ್ಯಾನ್ ಜನ ಬಂದ್ಬುಟ್ರು ಕಣಣ್ಣ. ಸಾರಿಗೆ ಈರುಳ್ಳಿ ಸಾಲ್ದು ಬಂತು. ಬೀಗದ್ ಕೈ ನನ್ತಾವೇ ಇತ್ತಲ್ಲ, ಇಲ್ಲಿರೋವು ತಗಂಡೋದೆ. ಮಾರ್ನೇ ದಿನವೇ ಸಂತೆಯಿಂದ ತಂದು, ಇದ್ದಂಗೇ ಐದು ತಟ್ಟೆ ಜೋಡ್ಸಿಟ್ಟಿವ್ನಿ. ಎರವು ತಂದಿದ್ದು ನಾನು ಇಟ್ಕಳಾಕಿಲ್ಲ."

ಲಕ್ಷ್ಮೀಪತಿ ಒದ್ದೆ ಕಂಬಳಿಯನ್ನು ಸರಿಸಿ ಅವಳನ್ನೇ ನೋಡಿದ.

"ಯಾಕಣ್ಣ ಅಂಗ್ ನೋಡ್ತೀರಿ?" ಎಂದಳು ಜುಂಜಮ್ಮ, ನಿಜವಾಗಿಯೂ ನೊಂದು. "ಅವತ್ತು ಚೆನ್ನಾಗೈತೆ ಅಂತ ಎಲ್ಡು ಸಲ ಸಾರು ಹಾಕುಸ್ಕಂಡು ಉಂಡೋರು ನೀವೇ ಅಲ್ವಾ?"