ಹದಿನಾಲ್ಕು ಜಡೆಗೆ ಹಸಿ ರೇಷ್ಮೆ ಸುತ್ತಿದ ಕಥೆ

ಶಿಡ್ಲಘಟ್ಟದಲ್ಲಿ ಮೂರು ತಲೆಮಾರಿನಿಂದ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ ನಮ್ಮದು. ಕೂದಲಿಗಿಂತ ತೆಳುವಾದ ಎಳೆಯನ್ನು ಕಡಿಯದೆ ಎಳೆಯಬಲ್ಲ ನನಗೆ ಮಗಳ ಜಡೆ ಯಾವ ಲೆಕ್ಕ ಎಂದುಕೊಂಡೆ. ಹಾಗೆ ಅಂದುಕೊಂಡಾಗಲೇ ಯಾರಾದರೂ ನನ್ನ ಕೈಗಳನ್ನು ಕಟ್ಟಿ ಹಾಕಬೇಕಿತ್ತು.

ಮಗಳು ಸಿಂಚನ ಏಳನೇ ಕ್ಲಾಸು. ಸೊಂಟ ದಾಟಿದ ಕೂದಲು. ಶಾಲೆಯ ನೃತ್ಯದಲ್ಲಿ ಮೊಗ್ಗಿನ ಜಡೆ ಹಾಕಿಕೊಂಡು ನಿಲ್ಲುವ ರಾಣಿಯ ಪಾತ್ರ ಅವಳಿಗೆ ಸಿಕ್ಕಿದ್ದೇ ಆ ಕೂದಲಿನಿಂದ. ಎರಡು ತಿಂಗಳಿಂದ ಅವಳು ಮನೆಯಲ್ಲಿ ನಡೆದದ್ದೇ ಇಲ್ಲ, ಕುಣಿದುಕೊಂಡೇ ಓಡಾಡಿದ್ದಳು.

ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ನನ್ನ ಹೆಂಡತಿ ಲತಾ, ತನ್ನ ತಾಯಿಯ ಕಣ್ಣಿನ ಆಪರೇಷನ್ ಎಂದು ಚಿಂತಾಮಣಿಗೆ ಹೊರಟಳು. ಸಿಕ್ಕಾಗದಿರಲಿ ಎಂದು ಮಗಳಿಗೆ ಹದಿನಾಲ್ಕು ಸಣ್ಣ ಜಡೆಗಳನ್ನು ಸಡಿಲವಾಗಿ ಹೆಣೆದಳು.

"ಬುಡಕ್ಕೆ ಎರಡು ತೊಟ್ಟು ಕೊಬ್ಬರಿ ಎಣ್ಣೆ. ಮಲಗೋವಾಗ ತಲೆಗೆ ರೇಷ್ಮೆ ಬಟ್ಟೆ. ಬೇರೆ ಏನೂ ಮಾಡಬೇಡಿ ರೀ."

"ರೇಷ್ಮೆ ವಿಷಯ ನನಗೇ ಹೇಳಿಕೊಡ್ತೀಯಾ?"

"ಅದಕ್ಕೇ ಭಯ ಆಗ್ತಿರೋದು."

ಮರುದಿನ ಬೆಳಿಗ್ಗೆ ನನಗೆ ಜ್ಞಾನೋದಯವಾಯಿತು. ರೇಷ್ಮೆ ಬಟ್ಟೆಯೇ ಕೂದಲಿಗೆ ಒಳ್ಳೆಯದಾದರೆ, ರೇಷ್ಮೆ ನೂಲು ಇನ್ನೂ ಒಳ್ಳೆಯದಲ್ಲವೇ? ಆಗತಾನೇ ತೆಗೆದ ಹಸಿ ನೂಲನ್ನು ಒದ್ದೆ ಮಾಡಿ, ಹದಿನಾಲ್ಕೂ ಜಡೆಗೆ ಬುಡದಿಂದ ತುದಿವರೆಗೆ ಬಿಗಿಯಾಗಿ ಸುತ್ತಿದೆ. ಪಕ್ಕದ ಮನೆ ಮುನಿಯಮ್ಮ ನೋಡಿ, "ಬಾಗುಂದಪ್ಪಾ, ಬಲು ಚೆನ್ನಾಗೈತೆ, ಹೆಂಗಸರಿಗೂ ಈ ಕೈ ಬರಲ್ಲ" ಎಂದರು. ನಾನು ಉಬ್ಬಿಹೋದೆ.

ಸಂಜೆಗೆ ಸಿಂಚನ, "ಅಪ್ಪ, ಬುಡದಲ್ಲಿ ಎಳೀತಿದೆ" ಎಂದಳು.

"ಹೊಸದಲ್ವೇನಮ್ಮ, ಅಡ್ಜಸ್ಟ್ ಆಗುತ್ತೆ."

ಮಾರನೆಯ ದಿನ ಜಡೆಗಳು ಕಡ್ಡಿಗಳಾಗಿದ್ದವು. ತಲೆ ತಿರುಗಿಸಿದರೆ ಟಕಟಕ ಸದ್ದು. ಹಸಿ ರೇಷ್ಮೆಯ ಮೈಯೆಲ್ಲ ಅಂಟು, ಒದ್ದೆಯಾಗಿ ಒಣಗಿದರೆ ಹಿಡಿದುಕೊಳ್ಳುತ್ತದೆ ಎಂಬುದು ನಮ್ಮಲ್ಲಿ ನಿನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತು. ನನಗೆ ಮೂವತ್ತು ವರ್ಷದಿಂದ ಗೊತ್ತು.

ಇಲ್ಲಿಗೆ ನಿಲ್ಲಿಸಿ ಹೆಂಡತಿಗೆ ಫೋನ್ ಮಾಡುವುದು ಮನುಷ್ಯರ ಲಕ್ಷಣ. ನಾನು ಬಿಸಿನೀರು ಸುರಿದೆ. ಗೂಡಿಗೆ ಅದೇ ಮದ್ದು! ಅಂಟು ಕರಗಿ ಕೂದಲೊಳಗೆ ಇಳಿಯಿತು. ಒಣಗಲಿ ಎಂದು ಮಗಳನ್ನು ಬಿಸಿಲಲ್ಲಿ ಕೂರಿಸಿದೆ. ಒಣಗಿತು. ಹದಿನಾಲ್ಕು ಜಡೆ ಮೂರಾದವು.

ಸಿಂಚನಳೇ ಅಮ್ಮನಿಗೆ ಫೋನ್ ಮಾಡಿದಳು. ಸಂಜೆ ಬಸ್ಸಿಗೆ ಲತಾ ಬಂದಿಳಿದಳು.

"ನೂಲಿನ ಅಂಟು ಹೋಗೋಕೆ ಏನು ಮಾಡ್ತಾರೆ?"

"ಸೋಪು, ಸೋಡಾ ಹಾಕಿ ಕುದಿಸ್ತಾರೆ."

"ಮಗೂನ ಕುದಿಸೋದೊಂದು ಬಾಕಿ ಉಳಿಸಿದ್ದೀರಿ. ದೊಡ್ಡ ಉಪಕಾರ ಆಯ್ತು."

ಎಣ್ಣೆ ಹಚ್ಚಿ ಒಂದಿಡೀ ದಿನ ಬಿಡಿಸಿದಳು. ಕೂದಲು ಬುಡಸಮೇತ ಕೈಗೆ ಬರತೊಡಗಿದಾಗ ಕತ್ತರಿ ತಂದಳು. ಕಿವಿಯ ಮಟ್ಟಕ್ಕೆ ಉಳಿಯಿತು. ಸಿಂಚನ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ನನಗೆ ಸಿಗುತ್ತಿತ್ತು. ಬಿದ್ದ ಜಡೆಗಳನ್ನು ಅವಳೇ ಹಳೇ ಪೇಪರಿನಲ್ಲಿ ಸುತ್ತಿದಳು.

ರಾಣಿಯ ಪಾತ್ರ ಬೇರೆ ಹುಡುಗಿಗೆ ಹೋಯಿತು. ನಮ್ಮವಳಿಗೆ ಮೀಸೆ ಬರೆದು, ಭರ್ಜಿ ಕೊಟ್ಟು, ಸಿಂಹಾಸನದ ಪಕ್ಕ ಕಾವಲಿಗೆ ನಿಲ್ಲಿಸಿದರು. ಕಾರ್ಯಕ್ರಮ ನಡೆದ ಚಿಕ್ಕಬಳ್ಳಾಪುರದ ಸಭಾಂಗಣದಲ್ಲಿ, ಎರಡು ತಿಂಗಳು ಕುಣಿದ ಕಾಲುಗಳನ್ನು ಜೋಡಿಸಿಕೊಂಡು ಅವಳು ಅಲ್ಲಾಡದೆ ನಿಂತಿದ್ದಳು.

ಪಕ್ಕದ ಕುರ್ಚಿಯ ಹಿರಿಯರು ನನ್ನತ್ತ ಬಾಗಿದರು. "ಆ ಭರ್ಜಿ ಹುಡುಗ ಚೆನ್ನಾಗಿ ನಿಂತವ್ನೆ. ನಿಮ್ಮವನಾ?"

"ಅಲ್ಲ" ಎಂದುಬಿಟ್ಟೆ. ನನ್ನ ನಾಲಿಗೆ ಸೇದಿಹೋಗ.

ನನ್ನ ಆಚೆ ಕೂತಿದ್ದ ಲತಾ, "ಅವಳು ನನ್ನ ಮಗಳು" ಎಂದಳು.

"ಹೌದೇನಮ್ಮ? ಅವರಪ್ಪ ಬಂದಿಲ್ವಾ?"

ಲತಾ ನನ್ನನ್ನೊಮ್ಮೆ ನೋಡಿದಳು. "ಇಲ್ಲ."

"ಛೇ, ಎಂಥಾ ಅಪ್ಪ" ಎಂದು ಅವರು ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನೂ ಆಡಿಸಿದೆ.